ಐರ್ಲೆಂಡ್ ಮತ್ತು ಯೂರೋವಿಷನ್: ನೀವು ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ತಿಂಗಳು ಬಂತೆಂದರೆ ಊರಿನಿಂದ ನನ್ನ ಫೋನಿಗೆ ಒಂದೇ ಥರದ ಮೆಸೇಜ್‌ಗಳು ಬರುತ್ತವೆ. "ಏನಪ್ಪಾ, ನಿಮ್ಮ ಐರ್ಲೆಂಡ್ ಈ ಸಲವೂ ಸೋತಿತಂತೆ?" ಡಬ್ಲಿನ್‌ಗೆ ಕೆಲಸಕ್ಕೆ ಬಂದವನು ಇಲ್ಲಿನ ಹಾಡಿನ ಸ್ಪರ್ಧೆಯ ಲೆಕ್ಕವನ್ನೂ ಒಪ್ಪಿಸಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡಿ ಸಾಕಾಗಿದೆ, ಅದಕ್ಕೇ ಎಲ್ಲಾ ಒಂದೇ ಕಡೆ ಬರೆದಿದ್ದೇನೆ. ಪ್ರಶ್ನೆಗಳು ನಿಮ್ಮವೇ.

ಮೊದಲು ಇದು ಹೇಳಿ, ಯೂರೋವಿಷನ್ ಅಂದರೆ ಏನು?

ಯುರೋಪಿನ ಟಿವಿ ಸಂಸ್ಥೆಗಳದ್ದೊಂದು ಒಕ್ಕೂಟ ಇದೆ. ಅದರ ಸದಸ್ಯರು ವರ್ಷಕ್ಕೊಮ್ಮೆ ತಮ್ಮ ದೇಶದಿಂದ ಒಂದೊಂದು ಹೊಸ ಹಾಡು ಕಳಿಸುತ್ತಾರೆ. ಹಾಡು ಮೂರು ನಿಮಿಷ ಮೀರಬಾರದು, ವೇದಿಕೆ ಮೇಲೆ ಆರು ಜನಕ್ಕಿಂತ ಜಾಸ್ತಿ ಇರಬಾರದು, ಮುಖ್ಯ ಗಾಯಕರು ಅಲ್ಲೇ ನಿಂತು ನಿಜವಾಗಿ ಹಾಡಬೇಕು. ಆಮೇಲೆ ಎಲ್ಲಾ ದೇಶಗಳು ಅಂಕ ಕೊಡುತ್ತವೆ. ಈಗ ಒಂದು ದೇಶದ ತೀರ್ಪುಗಾರರಿಂದ ಹೆಚ್ಚೆಂದರೆ 12, ಜನರ ಮತದಿಂದ ಹೆಚ್ಚೆಂದರೆ ಇನ್ನೊಂದು 12. ತಮ್ಮ ದೇಶಕ್ಕೆ ತಾವೇ ಕೊಟ್ಟುಕೊಳ್ಳುವ ಹಾಗಿಲ್ಲ. ಗೆದ್ದ ದೇಶದಲ್ಲಿ ಸಾಮಾನ್ಯವಾಗಿ ಮುಂದಿನ ವರ್ಷದ ಸ್ಪರ್ಧೆ ನಡೆಯುತ್ತದೆ. ಈ ಕೊನೆಯ ಸಾಲು ನೆನಪಿಟ್ಟುಕೊಳ್ಳಿ, ಐರ್ಲೆಂಡಿನ ಕಥೆಯಲ್ಲಿ ಅದು ಮತ್ತೆ ಬರುತ್ತದೆ. 1956ರಲ್ಲಿ ಶುರುವಾದದ್ದು, ನಿಂತಿದ್ದು ಒಂದೇ ಸಲ, 2020ರಲ್ಲಿ, ಕೋವಿಡ್ ಬಂದಾಗ.

ಐರ್ಲೆಂಡ್ ಯಾವಾಗಿನಿಂದ ಹೋಗುತ್ತಿದೆ?

1965ರಿಂದ. ಆ ವರ್ಷ ಇಟಲಿಯ ನೇಪಲ್ಸ್‌ನಲ್ಲಿ ಬುಚ್ ಮೂರ್ ಎಂಬ ಗಾಯಕ ಹಾಡಿ ಆರನೇ ಸ್ಥಾನ ತಂದ. ಇಲ್ಲಿನ ಸರ್ಕಾರಿ ಟಿವಿ ಶುರುವಾದದ್ದೇ 1961ರ ಡಿಸೆಂಬರ್ 31ಕ್ಕೆ, ಅಂದರೆ ಮೂರೇ ವರ್ಷದ ಕೂಸು ಆಗ. ಆ ಟಿವಿಯ ಈಗಿನ ಹೆಸರು ಆರ್‌ಟಿಇ. ನಮ್ಮ ದೂರದರ್ಶನದ ಹಾಗೆ ಅಂದುಕೊಳ್ಳಿ, ಬೈಯುವವರೂ ಅದನ್ನೇ ನೋಡುತ್ತಾರೆ.

ಎಷ್ಟು ಸಲ ಗೆದ್ದಿದೆ?

ಏಳು ಸಲ. 1970, 1980, 1987, 1992, 1993, 1994, 1996. ಆ ಮಧ್ಯದ ಮೂರು ವರ್ಷ ನೋಡಿದಿರಾ? ಸತತವಾಗಿ ಮೂರು ವರ್ಷ ಬೇರೆ ಯಾವ ದೇಶವೂ ಗೆದ್ದಿಲ್ಲ. ಬಹಳ ಕಾಲ ಈ ಏಳರ ಹತ್ತಿರ ಯಾರೂ ಬಂದಿರಲಿಲ್ಲ. 2023ರಲ್ಲಿ ಸ್ವೀಡನ್ ತನ್ನ ಏಳನೆಯದು ಗೆದ್ದು ಸಮ ಮಾಡಿತು. ಅವತ್ತು ರಾತ್ರಿ ಇಲ್ಲಿ ಒಂದು ಪಬ್‌ನಲ್ಲಿ ಕೂತಿದ್ದೆ. ಐರ್ಲೆಂಡ್ ಆ ವರ್ಷ ಫೈನಲ್‌ಗೇ ಬಂದಿರಲಿಲ್ಲ, ಆದರೂ ಜನಕ್ಕೆ ಸ್ವೀಡನ್ ಗೆದ್ದಿದ್ದೇ ಹೊಟ್ಟೆಯುರಿ.

ಮೊದಲ ಸಲ ಗೆದ್ದಿದ್ದು ಒಬ್ಬ ಶಾಲಾ ಹುಡುಗಿಯಂತೆ, ಹೌದಾ?

ಹೌದು, ಡಾನಾ. ಆಗ 18 ವರ್ಷ. ಆಮ್ಸ್ಟರ್‌ಡ್ಯಾಮ್‌ನಲ್ಲಿ ಒಂದು ಸ್ಟೂಲಿನ ಮೇಲೆ ಕೂತು, ತನಗೆ ಇಷ್ಟವಾದ ಸಣ್ಣಪುಟ್ಟ ವಸ್ತುಗಳ ಪಟ್ಟಿಯಂಥ ಒಂದು ಹಾಡು ಹಾಡಿದಳು. ಅದೇ ರಾತ್ರಿ ಸ್ಪೇನ್ ಪರವಾಗಿ ಹಾಡಿದ್ದು ಹೂಲಿಯೋ ಇಗ್ಲೇಸಿಯಸ್. ಆಗ ಅವನನ್ನು ಪ್ರಪಂಚ ಇನ್ನೂ ಕಂಡಿರಲಿಲ್ಲ.

ಇದರಲ್ಲಿ ಹಾಡಿಗಿಂತ ದೊಡ್ಡ ವಿಷಯ ಊರು. ಡಾನಾ ಬೆಳೆದದ್ದು ಡೆರಿಯಲ್ಲಿ. ಅದು ಉತ್ತರ ಐರ್ಲೆಂಡ್, ಅಂದರೆ ಬ್ರಿಟನ್‌ಗೆ ಸೇರಿದ ಭಾಗ. 1969ರಿಂದ ಅಲ್ಲಿ ಗಲಭೆ ಶುರುವಾಗಿ ಬೀದಿಗೆ ಸೈನ್ಯ ಬಂದಿತ್ತು. ಅಂಥ ಊರಿನ ಹುಡುಗಿ ಗಡಿ ಆಚೆಯ ಐರ್ಲೆಂಡ್ ಪರವಾಗಿ ಹಾಡಿ, ಎರಡನೇ ಸ್ಥಾನಕ್ಕೆ ತಳ್ಳಿದ್ದು ಬ್ರಿಟನ್ನನ್ನೇ, 32ಕ್ಕೆ 26. 1992ರಲ್ಲಿ ಗೆದ್ದ ಲಿಂಡಾ ಮಾರ್ಟಿನ್ ಕೂಡ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನವಳು. ಡಾನಾ ಮುಂದೆ 1997ರಲ್ಲಿ ಐರ್ಲೆಂಡಿನ ರಾಷ್ಟ್ರಪತಿ ಚುನಾವಣೆಗೂ ನಿಂತಳು, ಸೋತಳು, ಆಮೇಲೆ ಯುರೋಪಿನ ಸಂಸತ್ತಿಗೆ ಆರಿಸಿ ಬಂದಳು.

ಜಾನಿ ಲೋಗನ್ ಅಂತ ಒಬ್ಬನ ಹೆಸರು ತುಂಬಾ ಕೇಳಿಬರುತ್ತೆ. ಯಾರು?

ಇಲ್ಲಿಯವರು ಅವನನ್ನು "ಮಿಸ್ಟರ್ ಯೂರೋವಿಷನ್" ಅನ್ನುತ್ತಾರೆ. 1980ರಲ್ಲಿ ಗಾಯಕನಾಗಿ ಗೆದ್ದ. 1987ರಲ್ಲಿ ತಾನೇ ಬರೆದ ಹಾಡು ಹಾಡಿ ಮತ್ತೆ ಗೆದ್ದ. 1992ರಲ್ಲಿ ಲಿಂಡಾ ಮಾರ್ಟಿನ್ ಗೆದ್ದಳಲ್ಲ, ಆ ಹಾಡು ಬರೆದವನೂ ಇವನೇ. ಅಂದರೆ ಐರ್ಲೆಂಡಿನ ಏಳರಲ್ಲಿ ಮೂರರ ಹಿಂದೆ ಒಬ್ಬನೇ ಮನುಷ್ಯ. ಗಾಯಕರಾಗಿ ಎರಡು ಸಲ ಗೆದ್ದ ಇನ್ನೊಬ್ಬರು ಸ್ವೀಡನ್ನಿನ ಲೊರೀನ್, ಅದೂ 2023ರಲ್ಲಿ.

ತಮಾಷೆ ಏನೆಂದರೆ ಲೋಗನ್ ಹುಟ್ಟಿದ್ದು ಐರ್ಲೆಂಡಿನಲ್ಲಿ ಅಲ್ಲ, ಆಸ್ಟ್ರೇಲಿಯಾದಲ್ಲಿ, ಮೆಲ್ಬರ್ನ್ ಹತ್ತಿರ. ಅಪ್ಪನೂ ಗಾಯಕ, ಆಗ ಅಲ್ಲಿ ಕಾರ್ಯಕ್ರಮ ಕೊಡುತ್ತಿದ್ದ.

ಇಂಗ್ಲಿಷ್‌ನಲ್ಲಿ ಹಾಡಿದ್ದಕ್ಕೇ ಅಷ್ಟು ಗೆದ್ದರು ಅಂತಾರಲ್ಲ?

ಇದು ಸುಮ್ನೆ ತಳ್ಳಿಹಾಕುವ ಮಾತಲ್ಲ. 1977ರಿಂದ 1998ರ ತನಕ ಒಂದು ನಿಯಮ ಇತ್ತು: ನಿಮ್ಮ ದೇಶದ ಭಾಷೆಯಲ್ಲೇ ಹಾಡಬೇಕು. ಫಿನ್ಲೆಂಡ್‌ನವರು ಫಿನ್ನಿಷ್‌ನಲ್ಲಿ, ಪೋರ್ಚುಗಲ್‌ನವರು ಪೋರ್ಚುಗೀಸ್‌ನಲ್ಲಿ. ಇಂಗ್ಲಿಷ್‌ಗೆ ಅನುಮತಿ ಇದ್ದದ್ದು ಬ್ರಿಟನ್, ಐರ್ಲೆಂಡ್, ಮಾಲ್ಟಾ ಮೂರಕ್ಕೆ. ಯುರೋಪಿನ ತೀರ್ಪುಗಾರರಿಗೆಲ್ಲ ಅರ್ಥವಾಗುವ ಭಾಷೆ ಇವರ ಕೈಯಲ್ಲಿತ್ತು. ಅನುಕೂಲ ಅನುಕೂಲವೇ.

ಆದರೆ ಇಲ್ಲಿಗೇ ವಾದ ಮುಗಿಸುವವರಿಗೆ ನನ್ನದೊಂದು ಪ್ರಶ್ನೆ. ಹಾಗಾದರೆ ಬ್ರಿಟನ್ ಯಾಕೆ ಗೆಲ್ಲಲಿಲ್ಲ? ಅದೇ ಭಾಷೆ, ಹತ್ತು ಪಟ್ಟಿಗಿಂತ ಜಾಸ್ತಿ ಜನ, ಪ್ರಪಂಚಕ್ಕೇ ಹಾಡು ಮಾರುವ ಉದ್ಯಮ. 1981ರಲ್ಲಿ ಗೆದ್ದ ಬ್ರಿಟನ್ ಮತ್ತೆ ಗೆಲ್ಲಲು 1997ರ ತನಕ ಕಾಯಬೇಕಾಯಿತು. ನಡುವೆ 1988, 1989, 1992, 1993, ನಾಲ್ಕು ಸಲ ಎರಡನೇ ಸ್ಥಾನ. ಕೊನೆಯ ಎರಡು ಸಲ ಸೋತದ್ದು ಐರ್ಲೆಂಡಿಗೇ. ಮಾಲ್ಟಾ 2025ರ ತನಕ ಒಂದು ಸಲವೂ ಗೆದ್ದಿಲ್ಲ.

ನನಗನ್ನಿಸುವುದು ಇಷ್ಟು. ಭಾಷೆ ಬಾಗಿಲು ತೆರೆಯಿತು, ಒಳಗೆ ಹೋದದ್ದು ಹಾಡು ಕಟ್ಟುವವರ ಕೈಗುಣದಿಂದ. ಆ ಕಾಲದ ಐರಿಶ್ ಹಾಡುಗಳನ್ನು ಒಂದಾದ ಮೇಲೊಂದು ಕೇಳಿ ನೋಡಿ. ಹೆಚ್ಚಿನವು ನಿಧಾನದ ಹಾಡುಗಳು, ಪದ ಸ್ಪಷ್ಟ, ರಾಗ ಒಂದೇ ಸಲಕ್ಕೆ ತಲೆಗೆ ಹತ್ತುತ್ತದೆ. ನಮ್ಮಲ್ಲಿ ಭಾವಗೀತೆ ಹಾಡುವವರು ಪದ ನುಂಗದ ಹಾಗೆ ಹಾಡುತ್ತಾರಲ್ಲ, ಆ ಥರ. ಬ್ರೆಂಡನ್ ಗ್ರಹಾಂ ಎಂಬ ಒಬ್ಬನೇ 1994 ಮತ್ತು 1996 ಎರಡಕ್ಕೂ ಬರೆದ. ಎರಡು ಹಾಡಿಗೂ ಹೋಲಿಕೆಯೇ ಇಲ್ಲ. ಒಂದು ನಡುವಯಸ್ಸಿನವರ ಹಳೇ ನೆನಪು, ಇನ್ನೊಂದು ಯಾವುದೋ ಕಾಡಿನಿಂದ ಎದ್ದು ಬಂದ ಹಾಗಿದೆ.

ಮತ್ತೆ ಐರಿಶ್ ಭಾಷೆಯಲ್ಲಿ ಯಾಕೆ ಹಾಡಲ್ಲ? ಅವರಿಗೂ ಸ್ವಂತ ಭಾಷೆ ಇದೆ ಅಲ್ವಾ?

ಇದೆ. ಸಂವಿಧಾನದ ಪ್ರಕಾರ ಅದೇ ಮೊದಲ ಅಧಿಕೃತ ಭಾಷೆ. ಬೋರ್ಡುಗಳೆಲ್ಲ ಎರಡು ಭಾಷೆಯಲ್ಲಿ, ಬಸ್ಸಿನಲ್ಲಿ ನಿಲ್ದಾಣದ ಹೆಸರು ಎರಡು ಭಾಷೆಯಲ್ಲಿ, ಶಾಲೆಯಲ್ಲಿ ಎಲ್ಲರೂ ಓದುತ್ತಾರೆ. ಮನೆಯಲ್ಲಿ ದಿನಾ ಆಡುವವರು ಮಾತ್ರ ಕಡಿಮೆ. ಯೂರೋವಿಷನ್‌ನಲ್ಲಿ ಐರ್ಲೆಂಡ್ ಪೂರ್ತಿ ಐರಿಶ್ ಭಾಷೆಯ ಹಾಡು ಕಳಿಸಿದ್ದು ಒಂದೇ ಒಂದು ಸಲ, 1972ರಲ್ಲಿ. ಸ್ಯಾಂಡಿ ಜೋನ್ಸ್ ಹಾಡಿದಳು, 15ನೇ ಸ್ಥಾನ. ಆಮೇಲೆ ಯಾರೂ ಆ ಕಡೆ ತಲೆ ಹಾಕಲಿಲ್ಲ.

ಸ್ವಂತ ಭಾಷೆಯಲ್ಲಿ ಹಾಡಬೇಕು ಎಂಬ ನಿಯಮ ಇದ್ದ ಕಾಲದಲ್ಲೇ ಅತಿ ಹೆಚ್ಚು ಗೆದ್ದ ದೇಶ, ಗೆದ್ದದ್ದು ಮಾತ್ರ ಒಂದು ಸಲವೂ ತನ್ನ ಹಳೆಯ ಭಾಷೆಯಲ್ಲಲ್ಲ. ಬೆಂಗಳೂರಿನಲ್ಲಿ ಕನ್ನಡಕ್ಕಾಗಿ ಜಗಳ ಆಡಿ ಬಂದವನಿಗೆ ಇದು ಸ್ವಲ್ಪ ಚುಚ್ಚುತ್ತದೆ. ಇಲ್ಲಿನ ಸಹೋದ್ಯೋಗಿಗಳಿಗೆ ಹೇಳಿದರೆ ನಕ್ಕು ಬೇರೆ ಮಾತು ತೆಗೆಯುತ್ತಾರೆ.

ಸಮಾಧಾನದ ವಿಷಯ ಒಂದಿದೆ. ಮಕ್ಕಳ ಜೂನಿಯರ್ ಯೂರೋವಿಷನ್‌ಗೆ 2015ರಿಂದ ಹಾಡು ಕಳಿಸುತ್ತಿರುವುದು ಟಿಜಿ4, ಅಂದರೆ ಐರಿಶ್ ಭಾಷೆಯದೇ ಚಾನೆಲ್. ಆ ಮಕ್ಕಳು ಐರಿಶ್‌ನಲ್ಲೇ ಹಾಡುತ್ತಾರೆ. 2022ರಲ್ಲಿ ಸೋಫಿ ಲೆನನ್ ಎಂಬ ಹುಡುಗಿ ನಾಲ್ಕನೇ ಸ್ಥಾನ ತಂದಳು. ಒಂದು ಪದ ಅರ್ಥವಾಗದೆ ನಾನು ಅದನ್ನು ಮೂರು ಸಲ ಕೇಳಿದೆ.

ಕುದುರೆ ಲಾಯದಲ್ಲಿ ಯೂರೋವಿಷನ್ ಮಾಡಿದರಂತೆ?

ಲಾಯ ಅಲ್ಲ ಮಾರಾಯ್ರೆ, ಕುದುರೆ ಸವಾರಿ ಸ್ಪರ್ಧೆ ನಡೆಸುವ ಒಳಾಂಗಣ. ಆದರೆ ಕಥೆ ನಿಜ.

1992ರಲ್ಲಿ ಗೆದ್ದ ಮೇಲೆ 1993ರ ಸ್ಪರ್ಧೆ ಡಬ್ಲಿನ್‌ನಲ್ಲೇ ಆಗುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಆಗ ಕಾರ್ಕ್ ಕೌಂಟಿಯ ಮಿಲ್‌ಸ್ಟ್ರೀಟ್ ಎಂಬ ಊರಿನ ನೋಯೆಲ್ ಡುಗನ್ ಎಂಬ ಉದ್ಯಮಿ, "ನನ್ನ ಗ್ರೀನ್ ಗ್ಲೆನ್ಸ್ ಅರೀನಾ ಕೊಡುತ್ತೇನೆ, ಇಲ್ಲೇ ಮಾಡಿ" ಎಂದ. ಊರಿನ ಜನಸಂಖ್ಯೆ ಸುಮಾರು 1,500. ಅಂದರೆ ನಮ್ಮ ಕಡೆ ಒಂದು ಹಳ್ಳಿ. ಹೆಗ್ಗೋಡಿಗೆ ನಾಟಕ ನೋಡಲು ದೂರದೂರಿಂದ ಜನ ಬರುವುದನ್ನು ಕಂಡವನು ನಾನು, ಆದರೂ 25 ದೇಶಗಳ ತಂಡ, ಕ್ಯಾಮೆರಾ, ಆರ್ಕೆಸ್ಟ್ರಾ ಎಲ್ಲಾ ಆ ಅಳತೆಯ ಊರಿಗೆ ಇಳಿದದ್ದನ್ನು ಊಹಿಸಿಕೊಳ್ಳುವುದು ಕಷ್ಟ. ಆರ್‌ಟಿಇ ಒಪ್ಪಿತು. ಮಾಡಿಯೇ ತೋರಿಸಿದರು.

ಆ ರಾತ್ರಿಯ ಇನ್ನೊಂದು ಸಂಗತಿ ನನಗೆ ಹಾಡಿಗಿಂತ ಜಾಸ್ತಿ ನೆನಪಿರುವುದು. ಬೋಸ್ನಿಯಾ ಮೊದಲ ಸಲ ಬಂದಿತ್ತು. ಅಲ್ಲಿ ಯುದ್ಧ ನಡೆಯುತ್ತಿತ್ತು, ಸರಾಯೆವೊ ನಗರಕ್ಕೆ ಮುತ್ತಿಗೆ ಹಾಕಿದ್ದರು. ತಂಡ ನಗರದಿಂದ ಹೊರಬಂದದ್ದೇ ಜೀವ ಕೈಯಲ್ಲಿ ಹಿಡಿದುಕೊಂಡು. ಅಂಕ ಕೊಡುವ ಹೊತ್ತಿಗೆ ಸರಾಯೆವೊದಿಂದ ಫೋನ್ ಬಂತು. ಗರಗರ ಸದ್ದು, ಅದರ ನಡುವೆ ಒಂದು ದನಿ. ಲೈನ್ ಸಿಕ್ಕಿತು ಅಂತ ಗೊತ್ತಾದ ಕೂಡಲೇ ಆ ಕುದುರೆ ಅರೀನಾ ಇಡೀ ಚಪ್ಪಾಳೆ ಹೊಡೆಯಿತು. ವಿಡಿಯೋ ಸಿಗುತ್ತದೆ, ನೋಡಿ. ಎಲ್ಲರಿಗಿಂತ ಕೊನೆಗೆ ಅಂಕ ಹೇಳಿದ ಮಾಲ್ಟಾ 12 ಕೊಟ್ಟು ಐರ್ಲೆಂಡಿನ ನೀವ್ ಕ್ಯಾವನಾ ಗೆದ್ದಳು, ಬ್ರಿಟನ್ ಮತ್ತೆ ಎರಡನೆಯದು.

ರಿವರ್‌ಡ್ಯಾನ್ಸ್ ಗೆದ್ದ ಹಾಡಾ?

ಅಲ್ಲ. ತುಂಬಾ ಜನ ಹೀಗೇ ಅಂದುಕೊಂಡಿದ್ದಾರೆ. ಅದು 1994ರಲ್ಲಿ, ಹಾಡುಗಳೆಲ್ಲ ಮುಗಿದು ಮತ ಎಣಿಸುವಾಗ ತೋರಿಸಿದ ನೃತ್ಯ. ಸುಮಾರು ಏಳು ನಿಮಿಷ. ಜನ ಎದ್ದು ಟೀ ಮಾಡಿಕೊಳ್ಳಲು ಹೋಗುವ ಹೊತ್ತು ಅದು. ಬಿಲ್ ವೀಲನ್ ಸಂಗೀತ, ಮುಂದೆ ಜೀನ್ ಬಟ್ಲರ್ ಮತ್ತು ಮೈಕೆಲ್ ಫ್ಲ್ಯಾಟ್ಲಿ. ಇಬ್ಬರೂ ಅಮೆರಿಕದಲ್ಲಿ ಹುಟ್ಟಿ ಬೆಳೆದ ಐರಿಶ್ ಮೂಲದವರು. ಅಲ್ಲಿಯತನಕ ಐರಿಶ್ ನೃತ್ಯ ಅಂದರೆ ಕೈ ಎರಡೂ ಪಕ್ಕಕ್ಕೆ ಅಂಟಿಸಿ, ಮುಖ ಗಂಟಿಕ್ಕಿ, ಶಾಲಾ ಸ್ಪರ್ಧೆಯಲ್ಲಿ ಕುಣಿಯುವುದು ಅಂತಿತ್ತು. ಇವರು ಅದನ್ನೇ ಎತ್ತಿ ಬೇರೆ ಮಾಡಿಬಿಟ್ಟರು. 1995ರ ಫೆಬ್ರವರಿಯಲ್ಲಿ ಅದೇ ದೊಡ್ಡ ಪ್ರದರ್ಶನವಾಗಿ ಡಬ್ಲಿನ್‌ನಲ್ಲಿ ಶುರುವಾಯಿತು, ಆಮೇಲೆ ಪ್ರಪಂಚ ಸುತ್ತಿತು.

ಅವತ್ತು ಗೆದ್ದದ್ದು ಪಾಲ್ ಹ್ಯಾರಿಂಗ್ಟನ್ ಮತ್ತು ಚಾರ್ಲಿ ಮೆಕ್‌ಗೆಟಿಗನ್. ಒಂದು ಪಿಯಾನೊ, ಒಂದು ಗಿಟಾರ್, ಆರ್ಕೆಸ್ಟ್ರಾ ಸುಮ್ಮನೆ ಕೂತಿತ್ತು. 226 ಅಂಕ. 200 ದಾಟಿದ್ದು ಯೂರೋವಿಷನ್‌ನಲ್ಲಿ ಅದೇ ಮೊದಲು. ಪಾಪ, ಅಷ್ಟು ಅಂಕ ತೆಗೆದರೂ ಜನಕ್ಕೆ ನೆನಪಿರುವುದು ಮಧ್ಯದ ಡ್ಯಾನ್ಸು.

ಖರ್ಚು ತಡೆಯಲಾಗದೆ ಐರ್ಲೆಂಡ್ ಬೇಕಂತಲೇ ಸೋಲೋಕೆ ಶುರು ಮಾಡಿತಂತೆ, ನಿಜಾನಾ?

ಇದು ಇಲ್ಲಿನ ಟ್ಯಾಕ್ಸಿ ಡ್ರೈವರ್‌ಗಳೆಲ್ಲ ಹೇಳುವ ಕಥೆ. ಗೆದ್ದವರು ಮುಂದಿನ ವರ್ಷ ನಡೆಸಬೇಕು ಅಂದೆನಲ್ಲ, 1993, 1994, 1995 ಸತತ ಮೂರು ವರ್ಷ ಆರ್‌ಟಿಇ ಮೇಲೆಯೇ ಬಿತ್ತು. ಸಣ್ಣ ದೇಶ, ಸಣ್ಣ ಟಿವಿ. ಹಾಗಾಗಿ ಈ ತಮಾಷೆ ಹುಟ್ಟಿದ್ದರಲ್ಲಿ ಆಶ್ಚರ್ಯ ಇಲ್ಲ. 1995ರಲ್ಲಿ 14ನೇ ಸ್ಥಾನ ಬಂದಾಗ ಜನ "ಅಬ್ಬಾ, ಬಚಾವು" ಅಂದರಂತೆ.

ಆದರೆ ಲೆಕ್ಕ ಕೂಡುವುದಿಲ್ಲ. ಸೋಲುವ ಆಸೆ ಇದ್ದವರು 1996ರಲ್ಲಿ ಈಮರ್ ಕ್ವಿನ್ ಅಂಥ ಗಾಯಕಿಯನ್ನು ಕಳಿಸುತ್ತಾರಾ? ಕಳಿಸಿದರು, ಗೆದ್ದಳು, ಮತ್ತೆ 1997ಕ್ಕೆ ಡಬ್ಲಿನ್. ಆ ಸಲವೂ ಎರಡನೇ ಸ್ಥಾನ. ಇನ್ನು 1995ರಲ್ಲಿ ನಾರ್ವೆ ಗೆದ್ದ ಹಾಡಿನಲ್ಲಿ ಪದಗಳಿಗಿಂತ ಪಿಟೀಲೇ ಜಾಸ್ತಿ, ಆ ಪಿಟೀಲು ನುಡಿಸಿದ್ದು ಫಿನುಅಲಾ ಶೆರಿ, ಐರ್ಲೆಂಡಿನವಳೇ. ಸೋತ ವರ್ಷವೂ ಅರ್ಧ ಗೆದ್ದ ಹಾಗೆ.

ಹಾಗಾದರೆ ಆಮೇಲೆ ಏನಾಯಿತು?

ಆಟದ ನಿಯಮಗಳೇ ಬದಲಾದವು. 1997-98ರ ಹೊತ್ತಿಗೆ ತೀರ್ಪುಗಾರರ ಬದಲು ಮನೆಯಿಂದ ಫೋನ್ ಮತ ಬಂತು. 1999ರಿಂದ ಯಾರು ಯಾವ ಭಾಷೆಯಲ್ಲಾದರೂ ಹಾಡಬಹುದು ಅಂತಾಯಿತು, ಸ್ವೀಡನ್, ಡೆನ್ಮಾರ್ಕ್ ಎಲ್ಲಾ ಇಂಗ್ಲಿಷ್‌ಗೆ ತಿರುಗಿದವು. ಅದೇ ವರ್ಷ ಆರ್ಕೆಸ್ಟ್ರಾ ಹೋಗಿ ರೆಕಾರ್ಡ್ ಮಾಡಿದ ಸಂಗೀತ ಬಂತು. ಪೂರ್ವ ಯುರೋಪಿನ ದೇಶಗಳು ಹೊಸ ಹುರುಪಿನಲ್ಲಿ ಬಂದವು, 2004ರಲ್ಲಿ ಸೆಮಿಫೈನಲ್ ಶುರುವಾಯಿತು. ಬೆಂಕಿ, ಹೊಗೆ, ದೊಡ್ಡ ಪರದೆ. ಐರ್ಲೆಂಡ್ ಮಾತ್ರ ಸ್ಟೂಲು, ಗಿಟಾರು, ನಿಧಾನದ ಹಾಡು ಹಿಡಿದುಕೊಂಡೇ ಕೂತಿತು. ಗೆದ್ದ ದಾರಿ ಬಿಡಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ.

2001ರಲ್ಲಿ 21ನೇ ಸ್ಥಾನ, ಅದರಿಂದಾಗಿ 2002ಕ್ಕೆ ಅವಕಾಶವೇ ಇಲ್ಲ. 2007ರಲ್ಲಿ ಒಳ್ಳೆಯ ಜಾನಪದ ತಂಡ ಡರ್ವಿಷ್ ಹೋಗಿ ಫೈನಲ್‌ನಲ್ಲಿ ಕೊನೆಯ ಸ್ಥಾನ, ಐದೇ ಅಂಕ. 2013ರಲ್ಲಿ ಮತ್ತೆ ಕೊನೆ. 2014ರಿಂದ 2017ರ ತನಕ ಫೈನಲ್ ಮುಖ ನೋಡಲಿಲ್ಲ. 1993ರಲ್ಲಿ ಗೆದ್ದ ನೀವ್ ಕ್ಯಾವನಾಳನ್ನೇ 2010ರಲ್ಲಿ ಮತ್ತೆ ಕಳಿಸಿದರು, 23ನೇ ಸ್ಥಾನ. ನಡುವೆ 2011ರಲ್ಲಿ ಜೆಡ್ವರ್ಡ್ ಎಂಬ ಅವಳಿ ಹುಡುಗರು ಕೂದಲು ನೆಟ್ಟಗೆ ನಿಲ್ಲಿಸಿಕೊಂಡು ಕುಪ್ಪಳಿಸಿ ಎಂಟನೇ ಸ್ಥಾನ ತಂದರು. ಸಂಗೀತ ಬಲ್ಲವರು ಮೂಗು ಮುರಿದರು. ನನಗೆ ಇಷ್ಟ.

ಟರ್ಕಿ ಕೋಳಿಯನ್ನು ಕಳಿಸಿದ್ದರಂತೆ?

2008ರಲ್ಲಿ. ಡಸ್ಟಿನ್ ಎಂಬ ಟರ್ಕಿ ಕೋಳಿ, ಮಕ್ಕಳ ಟಿವಿಯ ಬೊಂಬೆ. ಯೂರೋವಿಷನ್ನನ್ನೇ ಗೇಲಿ ಮಾಡುವ ಹಾಡು. ಬೆಲ್‌ಗ್ರೇಡ್‌ನ ಸೆಮಿಫೈನಲ್‌ನಲ್ಲೇ ಮನೆಗೆ ವಾಪಸ್. ಜೋಕ್ ಹೇಳಿದವನೇ ನಕ್ಕ ಹಾಗಾಯಿತು.

ಚೀನಾದವರ ಜೊತೆ ಗಲಾಟೆ ಆಗಿತ್ತಲ್ಲ, ಅದೇನು?

2018, ಲಿಸ್ಬನ್. ರಾಯನ್ ಓಶಾನೆಸಿ ಹಾಡುವಾಗ ಹಿಂದೆ ಇಬ್ಬರು ಗಂಡಸರು ಪ್ರೇಮಿಗಳಾಗಿ ಕುಣಿದರು. ಚೀನಾದಲ್ಲಿ ಪ್ರಸಾರ ಮಾಡುತ್ತಿದ್ದ ಮ್ಯಾಂಗೊ ಟಿವಿ ಆ ಹಾಡನ್ನೇ ಕತ್ತರಿಸಿತು. ಒಕ್ಕೂಟ ಕೂಡಲೇ ಒಪ್ಪಂದ ರದ್ದು ಮಾಡಿ, ಮುಂದಿನ ಭಾಗಗಳನ್ನು ಅವರಿಗೆ ಕೊಡಲೇ ಇಲ್ಲ. ಐರ್ಲೆಂಡ್ 16ನೇ ಸ್ಥಾನ. ಅಂದ ಹಾಗೆ 2001ರಲ್ಲಿ ಹಾಡಿ ಸೋತವನು ಈ ರಾಯನ್‌ನ ಚಿಕ್ಕಪ್ಪ ಗ್ಯಾರಿ.

2024ರಲ್ಲಿ ಕೊಂಬು ಇಟ್ಟುಕೊಂಡು ಕಿರುಚಿದ್ದು ಯಾರು? ನನ್ನ ಮಗಳು ಅದೇ ಹಾಕಿಕೊಂಡು ಕೂತಿರುತ್ತಾಳೆ.

ಬ್ಯಾಂಬಿ ಥಗ್. ನಿಮ್ಮ ಮಗಳಿಗೆ ಒಳ್ಳೆ ಕಿವಿ ಇದೆ. ಕಾರ್ಕ್ ಕೌಂಟಿಯ ಮಕ್ರೂಮ್‌ನವರು, ಮಿಲ್‌ಸ್ಟ್ರೀಟ್‌ಗೆ ಹತ್ತಿರವೇ. ಮಾಟಗಾತಿ ವೇಷ, ಮಧ್ಯೆ ಜೋಗುಳದ ಹಾಗೆ ಮೆತ್ತಗೆ, ಮರುಕ್ಷಣ ಕಿರುಚಾಟ. ತಾನು ಗಂಡೂ ಅಲ್ಲ ಹೆಣ್ಣೂ ಅಲ್ಲ ಅನ್ನುತ್ತಾರೆ. ಇಂಗ್ಲಿಷ್ ಪತ್ರಿಕೆಗಳು ಯಾವ ಸರ್ವನಾಮ ಬಳಸಬೇಕು ಅಂತ ಒದ್ದಾಡುತ್ತಿದ್ದವು. ನಮಗೆ ಆ ಕಷ್ಟವಿಲ್ಲ, "ಅವರು" ಅಂದರೆ ಮುಗಿಯಿತು. ಮಾಲ್ಮೊದಲ್ಲಿ ಆರನೇ ಸ್ಥಾನ, 2000ದಿಂದೀಚೆಗೆ ಐರ್ಲೆಂಡ್ ಕಂಡ ಅತಿ ಒಳ್ಳೆಯ ಫಲಿತಾಂಶ.

ನಿಧಾನದ ಹಾಡು ಬಿಟ್ಟು ಧೈರ್ಯ ಮಾಡಿದರೆ ಏನಾಗುತ್ತದೆ ಅಂತ ಗೊತ್ತಾಯಿತು. 2025ರಲ್ಲಿ ಮಾತ್ರ ಮತ್ತೆ ಸೆಮಿಫೈನಲ್‌ನಲ್ಲೇ ಔಟ್.

2026ಕ್ಕೆ ಯಾಕೆ ಹೋಗಲ್ಲ ಅಂದರು?

ಇಸ್ರೇಲ್ ಭಾಗವಹಿಸುತ್ತಿರುವುದಕ್ಕೆ. ಬ್ಯಾಂಬಿ ಥಗ್ ಕಾಲಕ್ಕೇ ಇದು ಬಿಸಿಯಾಗಿತ್ತು. ಓಘಮ್ ಎಂಬ ಪ್ರಾಚೀನ ಐರಿಶ್ ಲಿಪಿಯಲ್ಲಿ "ಕದನ ವಿರಾಮ" ಎಂದು ಮೈಮೇಲೆ ಬರೆದುಕೊಂಡಿದ್ದನ್ನು ಒಕ್ಕೂಟ ಅಳಿಸಲು ಹೇಳಿತ್ತು. 2025ರ ಡಿಸೆಂಬರ್ 4ರಂದು ಒಕ್ಕೂಟದ ಸಭೆ ನಡೆಯಿತು. ಮತದಾನದ ನಿಯಮಗಳನ್ನು ಬಿಗಿ ಮಾಡಿದರು, ಇಸ್ರೇಲ್ ಇರಬೇಕೋ ಬೇಡವೋ ಎಂದು ಪ್ರತ್ಯೇಕ ಮತ ಹಾಕಲಿಲ್ಲ. ಅದೇ ದಿನ ಆರ್‌ಟಿಇ, ಗಾಜಾದಲ್ಲಿ ಇಷ್ಟು ಜೀವ ಹೋಗಿರುವಾಗ 2026ರ ಸ್ಪರ್ಧೆಯ ಊರಾದ ವಿಯೆನ್ನಾಗೆ ಹೋಗುವುದು ಸರಿಯಲ್ಲ, ಪ್ರಸಾರವನ್ನೂ ಮಾಡುವುದಿಲ್ಲ ಎಂದು ಹೇಳಿತು. ಸ್ಪೇನ್, ನೆದರ್ಲೆಂಡ್ಸ್, ಸ್ಲೊವೇನಿಯಾ ಕೂಡ ಅವತ್ತೇ ಹಿಂದೆ ಸರಿದವು, ಕೆಲವು ದಿನ ಬಿಟ್ಟು ಐಸ್‌ಲ್ಯಾಂಡ್.

ನಮ್ಮ ಆಫೀಸಿನಲ್ಲಿ ಹೆಚ್ಚಿನವರು ಇದು ಸರಿ ಅಂದರು. ಒಬ್ಬ ಹಿರಿಯರು ಮಾತ್ರ, 1965ರಿಂದ ನೋಡುತ್ತಾ ಬಂದವರು, ಮೇ ತಿಂಗಳ ಶನಿವಾರ ಸಂಜೆ ಏನು ಮಾಡುವುದು ಅಂತ ಕೇಳಿದರು. ಅದೂ ನ್ಯಾಯವೇ.

ಐರ್ಲೆಂಡ್ ತನ್ನ ಹಾಡನ್ನು ಹೇಗೆ ಆರಿಸುತ್ತೆ?

ಈಚಿನ ವರ್ಷಗಳಲ್ಲಿ ಶುಕ್ರವಾರ ರಾತ್ರಿಯ ಲೇಟ್ ಲೇಟ್ ಶೋ ಎಂಬ ಕಾರ್ಯಕ್ರಮದಲ್ಲಿ. 1962ರಿಂದ ಬರುತ್ತಿರುವ ಕಾರ್ಯಕ್ರಮ ಅದು. ತೀರ್ಪುಗಾರರ ಅಂಕ, ಜನರ ಮತ ಎರಡೂ ಸೇರುತ್ತವೆ. ಒಂದು ಟಾಕ್ ಶೋನ ಸಣ್ಣ ಸ್ಟುಡಿಯೋದಲ್ಲಿ ಕೇಳಿ ಆರಿಸಿದ ಹಾಡು ದೊಡ್ಡ ಅರೀನಾದಲ್ಲಿ ಹೇಗೆ ಕಾಣುತ್ತದೆ ಅಂತ ಊಹಿಸುವುದು ಕಷ್ಟ. ಸೋಲಿಗೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಬ್ರಿಟನ್ ಮತ್ತು ಐರ್ಲೆಂಡ್ ಒಬ್ಬರಿಗೊಬ್ಬರು ಅಂಕ ಕೊಡುತ್ತಾರಾ?

ಕೊಡುತ್ತಾರೆ, ಬೈದುಕೊಂಡೇ. ಬೆಲ್‌ಫಾಸ್ಟ್‌ನಿಂದ ಫೋನ್ ಮಾಡಿದರೆ ಅದು ಬ್ರಿಟನ್ ಮತ. ಅಲ್ಲಿದ್ದುಕೊಂಡು ಐರ್ಲೆಂಡಿಗೆ ಮತ ಹಾಕಬಹುದು ಅಂತಾಯಿತಲ್ಲ. ಬ್ರಿಟನ್ನಿನ ಬಿಬಿಸಿಯಲ್ಲಿ ಈ ಸ್ಪರ್ಧೆಗೆ ವರ್ಷಗಟ್ಟಲೆ ಕಾಮೆಂಟರಿ ಹೇಳಿದ ಟೆರಿ ವೋಗನ್ ಲಿಮೆರಿಕ್‌ನವನು, ಅವನ ನಂತರ ಬಂದ ಗ್ರಹಾಂ ನಾರ್ಟನ್ ಕೂಡ ಐರಿಶ್.

ಭಾರತದಿಂದ ನೋಡಬಹುದಾ? ಮತ ಹಾಕಬಹುದಾ?

ಎರಡೂ ಆಗುತ್ತದೆ. 2023ರಿಂದ ಭಾಗವಹಿಸದ ದೇಶದವರೂ ಆನ್‌ಲೈನ್‌ನಲ್ಲಿ ಕಾರ್ಡ್ ಮೂಲಕ ಹಣ ಕೊಟ್ಟು ಮತ ಹಾಕಬಹುದು. ಹಾಗೆ ಬಂದ ಮತಗಳೆಲ್ಲ ಸೇರಿ ಒಂದೇ ದೇಶದ ಮತದ ಲೆಕ್ಕ. ಫೈನಲ್ ಶುರುವಾಗುವುದು ನಿಮಗೆ ಶನಿವಾರ ಮಧ್ಯರಾತ್ರಿ ದಾಟಿ 12:30ಕ್ಕೆ, ಮುಗಿಯುವಾಗ ಹಾಲಿನವನು ಬರುವ ಹೊತ್ತು.

ಡಬ್ಲಿನ್‌ಗೆ ಬಂದರೆ ನೋಡೋಕೆ ಏನಾದರೂ ಇದೆಯಾ?

1994, 1995, 1997ರ ಸ್ಪರ್ಧೆಗಳು ನಡೆದ ಪಾಯಿಂಟ್ ಥಿಯೇಟರ್ ಮೊದಲು ರೈಲಿನ ಗೂಡ್ಸ್ ಡಿಪೋ ಆಗಿತ್ತು. ಈಗ 3ಅರೀನಾ ಅಂತ ಹೆಸರು, ಒಳಗೆ ಪೂರ್ತಿ ಬದಲಾಗಿದೆ. ಲುವಾಸ್ ಟ್ರಾಮ್‌ನ ಕೆಂಪು ಲೈನ್ ಹತ್ತಿ ಕೊನೆಯ ನಿಲ್ದಾಣದಲ್ಲಿ ಇಳಿಯಿರಿ. ನಿಲ್ದಾಣದ ಹೆಸರು ಈಗಲೂ ದಿ ಪಾಯಿಂಟ್. ಮಿಲ್‌ಸ್ಟ್ರೀಟ್‌ಗೆ ಹೋಗುವುದಾದರೆ ಮ್ಯಾಲೊದಲ್ಲಿ ಟ್ರಾಲೀ ಕಡೆಯ ರೈಲು ಹಿಡಿಯಬೇಕು. ಸ್ಟೇಷನ್‌ನಿಂದ ಊರು ಸ್ವಲ್ಪ ದೂರ, ಮಳೆ ಇದ್ದೇ ಇರುತ್ತದೆ, ಕೊಡೆ ಇಟ್ಟುಕೊಳ್ಳಿ. ಗ್ರೀನ್ ಗ್ಲೆನ್ಸ್‌ನಲ್ಲಿ ಕುದುರೆಗಳ ಸ್ಪರ್ಧೆ ಈಗಲೂ ನಡೆಯುತ್ತದೆ.